ಕೆಂಪು ಪೆನ್ಸಿಲಿನ ಮೀನು

ಪುಣೆಯಲ್ಲಿ ಸಮುದ್ರ ಇಲ್ಲ. ಆದರೂ ನಾನು ಮೂವತ್ತಾರು ವರ್ಷ ಪುಣೆಯ ಕಚೇರಿಯೊಂದರಲ್ಲಿ ಸಮುದ್ರದ ತಳದ ನಕ್ಷೆ ಮಾಡಿ ನಿವೃತ್ತನಾದೆ. ಕೆಲಸ ಸಿಕ್ಕ ದಿನ ನನ್ನ ಅವ್ವ ಕೇಳಿದ್ದಳು, "ಸಮುದ್ರದ ತಳ ಅಳೀತೀನಿ ಅಂತಿ, ಪುಣ್ಯಾದಾಗ ಸಮುದ್ರ ಎಲ್ಲದಪಾ?" ಆಕೆ ಯಾದಗಿರಿ ಕಡೆಯಿಂದ ಅಪ್ಪನ ಜೊತೆ ಗೌಂಡಿ ಕೆಲಸಕ್ಕೆ ಬಂದವಳು. ಪುಣೆ ಹತ್ತಿರದ ತಳೇಗಾಂವದ ಎಷ್ಟೋ ಕಾರ್ಖಾನೆಗಳ ಗೋಡೆಗೆ ಇಟ್ಟಿಗೆ ಹೊತ್ತವಳು. "ಅಪ್ಪ ಗೋಡೆ ನೆಟ್ಟಗದನೋ ಇಲ್ಲೋ ಅಂತ ದಾರಕ್ಕ ಗುಂಡು ಕಟ್ಟಿ ಬಿಡ್ತಾನಲ್ಲ, ನಾನೂ ಅದನ್ನೇ ಮಾಡೋದು. ಆದರ ನೀರಾಗ" ಅಂದೆ. ಆಕೆಗೆ ಸಮಾಧಾನವಾಯಿತು. ಮಗನೂ ಗೌಂಡಿಯೇ ಆದ ಎಂದು ತಿಳಿದುಕೊಂಡಿರಬೇಕು.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ವಿಷಯ ಇದರಲ್ಲಿ ಇಲ್ಲ. ಅವು ಎಲ್ಲರಿಗೂ ಬರುತ್ತವೆ, ನನಗೆ ತುಸು ತಡವಾಗಿ ಬಂದವು, ಅಷ್ಟೇ. ಸಮುದ್ರದ ತಳವನ್ನು ಯಾರೂ ಕಣ್ಣಾರೆ ನೋಡಿರುವುದಿಲ್ಲ. ನಾವು ಹೇಳಿದ್ದೇ ತಳ, ನಾವು ಬರೆದದ್ದೇ ಆಳ. ನಮ್ಮ ಮಾತು ನಂಬಿ ಹಡಗುಗಳು ಬರುತ್ತವೆ. ಇದು ಎಂಥ ಭಯಂಕರ ಮಾತು ಎಂದು ನನಗೆ ಅರ್ಥವಾದದ್ದು ನಿವೃತ್ತಿಗೆ ಐದು ತಿಂಗಳು ಉಳಿದಿದ್ದಾಗ.

ನಾನು ಸೇರಿದಾಗ ಮೊದಲು ಕೈಗೆ ಕೊಟ್ಟದ್ದು ಸೀಸದ ಗುಂಡು. ಗೇಣುದ್ದದ್ದು, ತಳದಲ್ಲಿ ಒಂದು ಗುಳಿ. ಆ ಗುಳಿಗೆ ಬಟ್ಟೆ ಒಗೆಯುವ ಸೋಪು ಮೆತ್ತಬೇಕು. ಗುರುತು ಹಾಕಿದ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರೆ ಆಳ ತಿಳಿಯುತ್ತದೆ. ಮೇಲೆ ಎಳೆದಾಗ ಸೋಪಿಗೆ ಅಂಟಿದ್ದನ್ನು ನೋಡಿದರೆ ತಳ ಕೆಸರೋ ಮರಳೋ ಚಿಪ್ಪೋ ಎಂದೂ ತಿಳಿಯುತ್ತದೆ. ಏನೂ ಅಂಟದೆ ಸೋಪು ಬರೀ ಜಜ್ಜಿ ಹೋಗಿದ್ದರೆ ಅದು ಬಂಡೆ. ಆಗಲೇ ನಮ್ಮಲ್ಲಿ ಶಬ್ದದ ಯಂತ್ರ ಇತ್ತು. ಆದರೂ ನಮ್ಮ ಮುಖ್ಯಸ್ಥರು ಮೊದಲ ಆರು ತಿಂಗಳು ನನಗೆ ಗುಂಡು ಬಿಟ್ಟರೆ ಬೇರೆ ಏನನ್ನೂ ಮುಟ್ಟಗೊಡಲಿಲ್ಲ.

ಅವರು ಧಾರವಾಡದ ಕಡೆಯ ದೇಶಪಾಂಡೆ ಸಾಹೇಬರು. ಕಚೇರಿಯೆಲ್ಲ ಮರಾಠಿ, ಕನ್ನಡ ಬಲ್ಲವರು ನಾವಿಬ್ಬರೇ. ಬೇರೆಯವರನ್ನು ಮರಾಠಿಯಲ್ಲಿ ಮೆತ್ತಗೆ ಗದರಿಸುತ್ತಿದ್ದರು, ನನ್ನನ್ನು ಕನ್ನಡದಲ್ಲಿ ಖಾರವಾಗಿ ಬೈಯುತ್ತಿದ್ದರು. ಅದನ್ನು ನಾನು ಅಭಿಮಾನ ಎಂದೇ ತಿಳಿದುಕೊಂಡಿದ್ದೆ.

ಶಬ್ದದ ಯಂತ್ರದ ಕೆಲಸ ಸರಳ. ದೋಣಿಯ ತಳದಿಂದ ಶಬ್ದ ಕೆಳಗೆ ಹೋಗುತ್ತದೆ, ತಳಕ್ಕೆ ಬಡಿದು ವಾಪಸು ಬರುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ಆಳದ ಲೆಕ್ಕ. ಉಪ್ಪುನೀರಿನಲ್ಲಿ ಶಬ್ದ ಜೋರಾಗಿ ಓಡುತ್ತದೆ, ಸಿಹಿನೀರಿನಲ್ಲಿ ತುಸು ನಿಧಾನ. ಇಂದಾಪುರದ ಹತ್ತಿರದ ಅಣೆಕಟ್ಟಿನ ಹಿನ್ನೀರಿನಲ್ಲಿ ಯಂತ್ರವನ್ನು ಪರೀಕ್ಷೆ ಮಾಡಿ, ಅದೇ ಹೊಂದಾಣಿಕೆಯಲ್ಲಿ ನಾನು ಕೊಂಕಣದ ಸಮುದ್ರಕ್ಕೆ ಇಳಿಸಿಬಿಟ್ಟೆ. ಮೂರು ದಿನ ಸರ್ವೆ ನಡೆಯಿತು. ನಾಲ್ಕನೆಯ ದಿನ ಸಾಹೇಬರು ಬಂದು, ಅಳತೆಯ ಸರಪಳಿಗೆ ಕಟ್ಟಿದ ಕಬ್ಬಿಣದ ತಟ್ಟೆಯನ್ನು ದೋಣಿಯ ಕೆಳಗೆ ಹತ್ತು ಮೀಟರಿಗೆ ಇಳಿಸಿದರು. ಯಂತ್ರ ಅದಕ್ಕಿಂತ ಕಡಿಮೆ ತೋರಿಸಿತು.

"ಬಸವರಾಜ, ಸಮುದ್ರ ಏನಾದ್ರೂ ಒಂದು ಗೇಣು ಎದ್ದು ಕುಂತದೇನು?"

"ಇಲ್ರಿ."

"ಹಂಗಾದ್ರ ತಪ್ಪು ಯಾರದು, ಸಮುದ್ರದ್ದೋ ನಿಂದೋ?"

ಮೂರು ದಿನದ ಕೆಲಸ ಮತ್ತೆ ಮಾಡಿದೆವು. ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ. ಆದರೆ ಅದು ಅದೇ ವಾರ ಸಿಕ್ಕಿಬಿದ್ದ ತಪ್ಪು. ಅಂಥವು ಪುಣ್ಯವಂತ ತಪ್ಪುಗಳು.

ಯಂತ್ರ ಆಳವನ್ನು ಕಾಗದದ ಸುರುಳಿಯ ಮೇಲೆ ಕಪ್ಪು ಗೆರೆಯಾಗಿ ಎಳೆಯುತ್ತಿತ್ತು. ರೋಲ್ ಎನ್ನುತ್ತಿದ್ದೆವು. ನಡುನಡುವೆ ಗೆರೆಯಿಂದ ಮೇಲಕ್ಕೆ ಮೊನೆಗಳು ಏಳುತ್ತಿದ್ದವು. ಮೀನಿನ ಹಿಂಡು ಅಡ್ಡ ಬಂದರೂ ಮೊನೆ, ನೀರಿನ ಗುಳ್ಳೆ ಬಂದರೂ ಮೊನೆ. ಕಚೇರಿಯಲ್ಲಿ ಕುಳಿತು ಅಂಥವನ್ನು ಕೆಂಪು ಪೆನ್ಸಿಲಿನಿಂದ ಕಾಟು ಹಾಕಿ ತೆಗೆಯಬೇಕು. "ಮೀನು ಕುಣೀತದ, ತಳ ಕುಣಿಯಂಗಿಲ್ಲ" ಎಂಬುದು ಸಾಹೇಬರ ಮಾತು. ಅವರದೇ ಇನ್ನೊಂದು ಮಾತೂ ಇತ್ತು, "ಒಂದ ಜಾಗಾದಾಗ ಎರಡು ಆಳ ಬಂದ್ರ ಕಡಿಮೀದು ಬರಿ. ಹಡಗಿನವ ಹೆಚ್ಚಿಗಿ ನೀರು ಸಿಕ್ಕರ ಬೈಯಂಗಿಲ್ಲ." ಎರಡೂ ನನಗೆ ಬಾಯಿಪಾಠ. ಎರಡೂ ಒಂದೇ ಮೊನೆಗೆ ಅನ್ವಯಿಸಬಹುದು, ಆಗ ಯಾವುದನ್ನು ಹಿಡಿಯಬೇಕು ಎಂದು ನಾನು ಕೇಳಲಿಲ್ಲ.

ಪ್ರತಿ ಕಾಟಿನ ಪಕ್ಕ ಹಾಕಿದವನು ತನ್ನ ಹೆಸರಿನ ಮೊದಲ ಅಕ್ಷರ ಬರೆಯಬೇಕಿತ್ತು. ನಮ್ಮ ಕೋಣೆಯಲ್ಲಿ ಬಾಪೂ, ಬಾಳಾಸಾಹೇಬ, ಬಸವರಾಜ ಎಂದು ಮೂವರು ಇದ್ದೆವು. ಯಾರ ಕಾಟು ಯಾರದೆಂದು ತಿಳಿಯದೆ ಜಗಳವಾಗುತ್ತಿತ್ತು. ಸಾಹೇಬರು ನನಗೆ, "ನೀ ಕನ್ನಡದಾಗ ಬರಿ" ಅಂದರು. ಅಂದಿನಿಂದ ನನ್ನ ಗುರುತು ಒಂದು ಪುಟ್ಟ "ಬ". ನಮ್ಮ ದಾಖಲೆ ಕೋಣೆಯ ಸಾವಿರಾರು ರೋಲುಗಳಲ್ಲಿ ಕನ್ನಡದ ಅಕ್ಷರ ಅದೊಂದೇ. ನನಗೆ ಅದರ ಜಂಬವೂ ಇತ್ತು.

ಆ ಕಾಲದಲ್ಲಿ ಕೊಂಕಣದ ಒಂದು ಸಣ್ಣ ಬಂದರಿನ ಕಾಲುವೆಯನ್ನು ಸರ್ವೆ ಮಾಡಿದೆ. ಹಡಗುಗಳು ಒಳಗೆ ಬರುವ ದಾರಿ ಅದು. ದೋಣಿ ನಡೆಸುತ್ತಿದ್ದವನು ಧರ್ಮಾ ಎಂಬ ಆ ಊರಿನ ತಾಂಡೇಲ. ಸರ್ವೆ ದೋಣಿ ಗೆರೆ ಎಳೆದಂತೆ ನೇರ ಹೋಗಬೇಕು. ಒಂದು ಕಡೆ ಆತ ಸುಮ್ಮನೆ ಎಡಕ್ಕೆ ಸರಿಸಿಬಿಡುತ್ತಿದ್ದ. ಅಲ್ಲಿ ಕಲ್ಲಿದೆ ಎಂದ. ಆತನ ಕೈಯಲ್ಲಿ ಹಗ್ಗವೂ ಇಲ್ಲ, ಯಂತ್ರವೂ ಇಲ್ಲ. "ನಿನ್ನ ಕಲ್ಲು ನಿನ್ನ ಹತ್ತಿರ ಇಟ್ಟುಕೋ, ಲೈನ್ ಬಿಡಬೇಡ" ಎಂದು ಮರಾಠಿಯಲ್ಲಿ ಗದರಿದೆ. ಆತ ದೋಣಿಯನ್ನು ನೇರ ನಡೆಸಿದ. ಎಂಥ ನೇರ ಗೆರೆ ಎಂದು ನಾನು ಸಂತೋಷಪಟ್ಟೆ. ಕಾಲುವೆಯ ತಳ ಸಮತಟ್ಟು ಕೆಸರು, ಒಂಬತ್ತು ಮೀಟರು ಎಂದು ನಕ್ಷೆ ಬಂತು. ಅಲ್ಲಿ ಓಡಾಡುತ್ತಿದ್ದದ್ದು ಸಣ್ಣ ಹಡಗುಗಳು. ಇಪ್ಪತ್ತೆಂಟು ವರ್ಷ ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಮಲ್ಟಿಬೀಮ್ ಎಂಬ ಹೊಸ ಯಂತ್ರ ಬಂತು. ಹಳೆಯ ಯಂತ್ರ ಕುರುಡನ ಕೋಲಿನ ಹಾಗೆ ಒಂದೊಂದೇ ಕಡೆ ಕುಟ್ಟುತ್ತಿತ್ತು. ಇದು ಬೀಸಣಿಗೆಯ ಹಾಗೆ ನೂರಾರು ಶಬ್ದಗಳನ್ನು ಒಮ್ಮೆಗೇ ಹರಡಿ ತಳವನ್ನೆಲ್ಲ ಗುಡಿಸಿಕೊಂಡು ಬರುತ್ತದೆ. ಅದರ ಮೊದಲ ಪರೀಕ್ಷೆಯೂ ಇಂದಾಪುರದ ಹಿನ್ನೀರಿನಲ್ಲೇ. ಆ ಹಿನ್ನೀರನ್ನು ನಾನು ಹಿಂದೆ ಎರಡು ಸಲ ಸರ್ವೆ ಮಾಡಿ, ಅಂಗೈಯಂಥ ನುಣುಪಾದ ಇಳಿಜಾರು ಎಂದು ಬರೆದಿದ್ದೆ. ಪರದೆಯ ಮೇಲೆ ಬಣ್ಣ ಮೂಡುತ್ತಾ ಬಂತು. ಮೊದಲು ಒಂದು ಗಾಡಿದಾರಿ. ಆಮೇಲೆ ಗೋಡೆಗಳ ಸಾಲು. ಆಮೇಲೆ ದುಂಡಗೆ ಒಂದು ಬಾವಿ. ನೀರಿನಲ್ಲಿ ಮುಳುಗಿದ ಒಂದು ಇಡೀ ಊರು. ನಾನು ಬೆಚ್ಚಿಬಿದ್ದೆ. ಊರು ಮುಳುಗಿದ್ದು ಗೊತ್ತಿತ್ತು, ಅದಕ್ಕಲ್ಲ. ನನ್ನ ದೋಣಿ ಹೋದ ಎರಡು ಗೆರೆಗಳ ನಡುವೆ ಒಂದು ಊರೇ ಕೂತಿತ್ತು, ಅಲ್ಲಿ ನಾನು ಪಟ್ಟಿ ಇಟ್ಟು ಗೆರೆ ಎಳೆದು ಇಳಿಜಾರು ಮಾಡಿದ್ದೆ. ಆ ದಿನ ಮನೆಗೆ ಬಂದು ಹೆಂಡತಿ ಶಾಂತಾಗೆ ಹೇಳಿದೆ. "ನೀವು ಊರ ಮ್ಯಾಲ ದೋಣಿ ನಡಿಸಿ ಊರು ಕಾಣಲಿಲ್ಲ ಅಂದ್ರ ಏನು ನೋಡಿದ್ರಿ?" ಎಂದು ಕೇಳಿದಳು. ಎರಡು ದಿನ ಕಳವಳಪಟ್ಟೆ, ಮೂರನೆಯ ದಿನ ಮರೆತೆ.

ನಿವೃತ್ತಿಗೆ ಐದು ತಿಂಗಳಿದ್ದಾಗ ಅದೇ ಸಣ್ಣ ಬಂದರಿನ ಕಾಲುವೆಯ ಹೊಸ ಸರ್ವೆ ಬಂತು. ಈಗ ಅಲ್ಲಿಗೆ ಎಂಟು ಮೀಟರ್ ನೀರು ಬೇಡುವ ದೊಡ್ಡ ಹಡಗು ಬರುವುದಿತ್ತು. ಕೆಲಸ ಮಾಡಿದವಳು ಮೇಘನಾ, ಬೆಂಗಳೂರಿನ ಹುಡುಗಿ. ಒಂದು ವರ್ಷದ ಕರಾರಿನ ಮೇಲೆ ಬಂದಿದ್ದಳು. ಈ ಸರ್ವೆ ಸರಿಯಾದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಮನೆ ದಾರಿ. ಆಕೆಯ ನಕ್ಷೆಯಲ್ಲಿ ಕಾಲುವೆಯ ನಡುವೆ ಏಳು ಮೀಟರಿಗೂ ಕಡಿಮೆ ಆಳದಲ್ಲಿ ಒಂದು ಕಲ್ಲಿನ ಮೊನೆ ನಿಂತಿತ್ತು.

ಈಗಿನ ಮುಖ್ಯಸ್ಥರು ನನ್ನನ್ನು ಕರೆದು, ಹುಡುಗಿ ಹೊಸಬಳು, ಯಂತ್ರ ಕೂರಿಸುವುದರಲ್ಲಿ ಎಡವಿರಬಹುದು, ಹಿರಿಯರಾದ ನೀವು ನೋಡಿ ಟಿಪ್ಪಣಿ ಬರೆಯಿರಿ ಎಂದರು. ನಾನು ಆಕೆಯ ಮೇಜಿಗೆ ಹೋದೆ.

"ಸರ್, ಐದು ಲೈನಲ್ಲೂ ಅದೇ ಜಾಗದಲ್ಲಿ ಕಾಣಿಸ್ತಿದೆ. ಕ್ಯಾಲಿಬ್ರೇಷನ್ ಎರಡು ಸಲ ಚೆಕ್ ಮಾಡಿದೀನಿ. ನಾಯ್ಸ್ ಆಗಿದ್ರೆ ಜಾಗ ಬದಲಾಗ್ಬೇಕಿತ್ತಲ್ವಾ?" ಎಂದಳು.

"ಆ ಕಾಲುವಿ ನಾನೇ ಸರ್ವೆ ಮಾಡೀನಿ ಮಗಳ. ಅಲ್ಲಿ ಬರೇ ಕೆಸರದ. ಕಲ್ಲು ಏನು ಆಕಾಶದಿಂದ ಬಿತ್ತೇನು?"

"ಹಳೇ ರೋಲ್ ಒಂದ್ಸಲ ನೋಡ್ಬಹುದಾ ಸರ್?"

ನನಗೆ ಸಿಟ್ಟು ಬಂತು. ನನ್ನ ರೋಲನ್ನು ನಿನ್ನೆ ಮೊನ್ನೆ ಬಂದ ಹುಡುಗಿ ತಪಾಸಣೆ ಮಾಡುವುದೇ? ಅವತ್ತೇ ಬೆಳಿಗ್ಗೆ ಟಿಪ್ಪಣಿ ಬರೆದು ಮುಖ್ಯಸ್ಥರ ಮೇಜಿಗೆ ಕಳಿಸಿದೆ. ಯಂತ್ರದ ಹೊಂದಾಣಿಕೆಯಲ್ಲಿ ದೋಷ, ಹಿಂದಿನ ಸರ್ವೆಯ ಪ್ರಕಾರ ತಳ ಸಮತಟ್ಟು, ಮೊನೆಯನ್ನು ತೆಗೆದುಹಾಕಬಹುದು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವುದು ಎನ್ನುತ್ತಾರಲ್ಲ, ಅದನ್ನೇ ಸಹಿ ಸಮೇತ ಮಾಡಿದೆ. ಮಧ್ಯಾಹ್ನ ಊಟವಾದ ಮೇಲೆ, ಆಕೆಯ ಮುಖಕ್ಕೆ ಹಿಡಿಯಬೇಕೆಂದೇ ರೋಲು ತರಲು ದಾಖಲೆ ಕೋಣೆಗೆ ಹೋದೆ.

ಹಳದಿಯಾಗಿದ್ದ ಕಾಗದವನ್ನು ಉದ್ದನೆಯ ಮೇಜಿನ ಮೇಲೆ ಬಿಚ್ಚುತ್ತಾ ಹೋದೆ. ಕಪ್ಪು ಗೆರೆ ಸಮವಾಗಿ ಬರುತ್ತಿತ್ತು. ನೋಡು, ಎಷ್ಟು ಚೊಕ್ಕ ಎಂದುಕೊಂಡೆ. ಆಮೇಲೆ ಒಂದು ಮೊನೆ ಬಂತು, ನೆಟ್ಟಗೆ ಮೇಲಕ್ಕೆ ಎದ್ದದ್ದು. ಅದರ ಮೇಲೆ ಕೆಂಪು ಕಾಟು. ಯಾರೋ ಬಾಪೂವೋ ಬಾಳಾಸಾಹೇಬನೋ ಹಾಕಿರಬೇಕು ಎಂದು ಬಗ್ಗಿ ನೋಡಿದೆ.

"ಬ" ಎಂದಿತ್ತು.

ಮುಂದಿನ ಗೆರೆಯ ರೋಲನ್ನು ಬಿಚ್ಚಿದೆ. ಅದೇ ಜಾಗಕ್ಕೆ ಸರಿಯಾಗಿ ಮತ್ತೊಂದು ಮೊನೆ, ಮತ್ತೊಂದು ಕಾಟು, ಮತ್ತೊಂದು "ಬ". ಮಕ್ಕಳೇ, ಎಲ್ಲಕ್ಕಿಂತ ನನ್ನನ್ನು ನಡುಗಿಸಿದ್ದು ಬೇರೆ. ಆ ಪೆನ್ಸಿಲು ಹಿಡಿದ ನೆನಪು ನನಗೆ ಒಂದಿಷ್ಟೂ ಇಲ್ಲ. ಆ ಸರ್ವೆಯಲ್ಲಿ ಯಾವ ಖಾನಾವಳಿಯಲ್ಲಿ ಊಟ ಮಾಡಿದೆವು ಎಂಬುದು ನೆನಪಿದೆ. ಧರ್ಮಾನ ಟೊಪ್ಪಿಗೆಯ ಬಣ್ಣ ನೆನಪಿದೆ. ಒಂದು ಬಂಡೆಯನ್ನು ಮೀನು ಎಂದು ಹೊಡೆದುಹಾಕಿದ ಆ ಗಳಿಗೆ ನೆನಪಿಲ್ಲ. ಹಿಂಜರಿದಿದ್ದೆನೋ, ಬೇಜಾರಾಗಿತ್ತೋ, ಚಹಾ ಬಂತೆಂದು ಅವಸರ ಮಾಡಿದೆನೋ, ಏನೂ ಇಲ್ಲ. ಎಲ್ಲ ದಿನದಂತೆ ಒಂದು ದಿನ ಅದು.

ನಿಜ ಹೇಳಿಬಿಡುತ್ತೇನೆ, ನಾನು ರೋಲನ್ನು ಸುತ್ತತೊಡಗಿದೆ. ಹಳೆಯ ರೋಲುಗಳನ್ನು ವಿಲೇವಾರಿ ಮಾಡುವ ಮಾತು ನಡೆದಿತ್ತು. ಆ ಅಕ್ಷರ ಯಾರದೆಂದು ಓದಿ ಹೇಳುವವರು ಕಚೇರಿಯಲ್ಲಿ ಯಾರಿದ್ದಾರೆ? ಟಿಪ್ಪಣಿ ಆಗಲೇ ಹೋಗಿದೆ. ಐದು ತಿಂಗಳು ಕಳೆದರೆ ನಾನು ಮನೆಯಲ್ಲಿ. ಇಷ್ಟೆಲ್ಲ ಯೋಚನೆ ಬರಲು ಎಷ್ಟು ಹೊತ್ತು ಬೇಕು? ಅರ್ಧ ಸುತ್ತಿದ್ದೆ. ಬಾಗಿಲ ಬಳಿ ಮೇಘನಾ ನಿಂತಿದ್ದಳು. ಒಳಗೆ ಬಂದು ಮೇಜಿನ ಮೇಲೆ ಬಗ್ಗಿದಳು.

"ಸರ್, ಇದು 'ಬ' ಅಲ್ವಾ?"

ಆ ಕಚೇರಿಯಲ್ಲಿ ಆ ಅಕ್ಷರ ಓದಬಲ್ಲ ಇನ್ನೊಬ್ಬಳು ಈಕೆಯೇ ಎಂಬುದು ನನಗೆ ಹೊಳೆದೇ ಇರಲಿಲ್ಲ. ಆಕೆ ನನ್ನ ಮುಖ ನೋಡಿದಳು, ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

"ಹೌದವಾ. ನಂದೇ" ಅಂದೆ.

ಸಂಜೆ ನೇರವಾಗಿ ಬಸ್ಸು ಹಿಡಿದು ಕೋಥರೂಡಿಗೆ ಹೋದೆ. ದೇಶಪಾಂಡೆ ಸಾಹೇಬರು ಅಲ್ಲೇ ಒಂದು ವಸತಿ ಸೊಸೈಟಿಯ ಮೂರನೆಯ ಮಹಡಿಯಲ್ಲಿ ಇದ್ದಾರೆ. ಎಂಬತ್ತು ದಾಟಿದೆ. ಆ ನಕ್ಷೆಯ ಕೆಳಗೆ ಇರುವುದು ಅವರ ಸಹಿ. ತಪ್ಪನ್ನು ಒಪ್ಪಿ ಬರೆದುಕೊಡುವ ಮೊದಲು ಅವರಿಗೆ ಹೇಳಬೇಕೆನಿಸಿತು. ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಎರಡು ಲೈನಿನ್ಯಾಗ ಒಂದ ಜಾಗಾದಾಗ ಅದ. ಮೀನು ನಿನಗ ಕಾಯ್ಕೋತ ಅಲ್ಲೇ ನಿಂತಿರ್ತಾವೇನು?"

"ಇಲ್ರಿ ಸಾಹೇಬ್ರ. ತಪ್ಪಾಗೇದ್ರಿ."

ಬೈಯುತ್ತಾರೆ ಎಂದು ಕಾದೆ. ಅವರು ಭೂತಗನ್ನಡಿ ಕೆಳಗಿಟ್ಟರು.

"ಬಾಪೂನ ರೋಲ್ ನಾ ಪ್ರತಿಯೊಂದೂ ಬಿಚ್ಚಿ ನೋಡ್ತಿದ್ದೆ. ಬಾಳಾಸಾಹೇಬಂದೂ ನೋಡ್ತಿದ್ದೆ. ನಿಂದು ನೋಡ್ತಿರಲಿಲ್ಲ. ನಿನ್ನ 'ಬ' ಕಂಡ್ರ ಸಾಕು, ಸಹಿ ಹಾಕ್ತಿದ್ದೆ."

ನಾನು ದಂಗಾದೆ. ಇಪ್ಪತ್ತೆಂಟು ವರ್ಷದ ಹಿಂದೆ ಈ ಮಾತು ಕೇಳಿದ್ದರೆ ಊರಿಗೆಲ್ಲ ಪೇಢೆ ಹಂಚುತ್ತಿದ್ದೆ. ನನ್ನ ತಪ್ಪನ್ನು ಹಿಡಿಯಬೇಕಾಗಿದ್ದ ಕಣ್ಣು ನನ್ನ ಮೇಲಿನ ವಿಶ್ವಾಸದಿಂದಲೇ ಮುಚ್ಚಿತ್ತು. ಅವರ ಹೆಂಡತಿ ತಂದ ಚಹಾ ಹಾಗೇ ಆರಿತು. ಹೊರಡುವಾಗ ಸಾಹೇಬರು, "ನಾಳೆ ಬರದು ಕೊಡು. ನನ್ನ ಹೆಸರೂ ಹಾಕು" ಅಂದರು.

ಮರುದಿನ ನನ್ನ ಟಿಪ್ಪಣಿಯನ್ನು ವಾಪಸು ಪಡೆದು, ಎರಡು ರೋಲುಗಳನ್ನು ಮುಖ್ಯಸ್ಥರ ಮೇಜಿನ ಮೇಲೆ ಬಿಚ್ಚಿದೆ. ಹಡಗು ಬರುವುದನ್ನು ತಡೆಯಬೇಕಾದರೆ ಎರಡು ನಕ್ಷೆಗಳ ವಾದ ಸಾಲದು, ಕೈಯಿಂದ ಮುಟ್ಟಿ ನೋಡಿದ ಪುರಾವೆ ಬೇಕು, ಅದು ಸಿಗುವವರೆಗೆ ಹುಡುಗಿಯ ಕೆಲಸದ ವಿಷಯವೂ ಅಲ್ಲೇ ನಿಲ್ಲಲಿ ಎಂದರು. ನಾನು ಕಪಾಟಿನ ತಳದಿಂದ ಸೀಸದ ಗುಂಡು ತೆಗೆದೆ. ಮೇಘನಾಗೆ ಅದೇನೆಂದು ಗೊತ್ತಿರಲಿಲ್ಲ. ಆ ಬಂದರಿಗೆ ಹೋಗಿ, ಅಲ್ಲಿನ ಅಂಗಡಿಯಲ್ಲಿ ಒಂದು ಬಟ್ಟೆ ಸೋಪು ಕೊಂಡು, ಅರ್ಧ ಮುರಿದು ಆಕೆಯ ಕೈಯಿಂದಲೇ ಗುಳಿಗೆ ಮೆತ್ತಿಸಿದೆ.

ದೋಣಿ ನಡೆಸಿದವನು ಅದೇ ಊರಿನ ಮೂವತ್ತರ ಆಸುಪಾಸಿನ ತಾಂಡೇಲ. ಆ ಜಾಗ ಹತ್ತಿರ ಬರುತ್ತಿದ್ದಂತೆ ದೋಣಿಯನ್ನು ಎಡಕ್ಕೆ ಸರಿಸಿದ. ಯಾಕೆಂದು ಕೇಳಿದೆ. ಇಲ್ಲಿ ಬಲೆ ಸಿಕ್ಕಿಕೊಂಡು ಹರಿಯುತ್ತದೆ, ನಮ್ಮವರು ಯಾರೂ ಇದರ ಮೇಲೆ ಹೋಗುವುದಿಲ್ಲ ಎಂದ. ಹಾಗಿದ್ದರೆ ಸರ್ವೆಯವರಿಗೆ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ದೆವಲ್ಲ" ಎಂದು ಮರಾಠಿಯಲ್ಲಿ ನಕ್ಕ. "ನಾನು ಹುಟ್ಟಿದ ಕಾಲಕ್ಕೆ ಪುಣೆಯಿಂದ ಯಾರೋ ಸಾಹೇಬ ಬಂದಿದ್ದನಂತೆ. ಧರ್ಮಾ ಅಜ್ಜ ಕಲ್ಲಿದೆ ಎಂದನಂತೆ. ಸಾಹೇಬ ಲೈನ್ ಬಿಡಬೇಡ ಎಂದು ಬೈದನಂತೆ. ಅಜ್ಜ ಸಾಯುವವರೆಗೂ ಆ ಕಥೆ ಹೇಳಿ ನಗಿಸುತ್ತಿದ್ದ."

ಆ ಸಾಹೇಬ ತನ್ನೆದುರೇ ಕೂತಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ಮೇಘನಾಗೆ ಗೊತ್ತಾಯಿತು, ಆಕೆ ತಲೆ ತಗ್ಗಿಸಿ ಹಗ್ಗ ಬಿಡಿಸತೊಡಗಿದಳು. ಇಡೀ ಊರಿಗೆ ಗೊತ್ತಿದ್ದ ಕಲ್ಲು ನಕ್ಷೆಯೊಂದರಲ್ಲೇ ಇರಲಿಲ್ಲ. "ಆ ಸಾಹೇಬ ನಾನೇ" ಎಂದೆ. ತಾಂಡೇಲನ ನಗು ನಿಂತಿತು. "ಕಲ್ಲಿನ ಮೇಲೆ ನಿಲ್ಲಿಸಲೇ?" ಎಂದು ಕೇಳಿದ. ಯಂತ್ರದ ನೆರವಿಲ್ಲದೆ ಒಯ್ದು ನಿಲ್ಲಿಸಿದ.

ಮೇಘನಾ ಗುಂಡು ಇಳಿಬಿಟ್ಟಳು. ಹಗ್ಗ ಸಡಿಲವಾದ ಕೂಡಲೇ ಗುರುತು ಓದಿದಳು, ಭರತದಿಂದ ಏರಿದ್ದ ನೀರಿನ ಲೆಕ್ಕ ಕಳೆದಳು. ಆಕೆಯ ನಕ್ಷೆಯಲ್ಲಿದ್ದ ಆಳವೇ. ಮೇಲೆ ಎಳೆದು ಗುಂಡನ್ನು ತಿರುಗಿಸಿ ನೋಡಿದೆವು. ಕೆಸರಿಲ್ಲ. ಸೋಪು ಜಜ್ಜಿ ಹೋಗಿತ್ತು, ಅಂಚಿನಲ್ಲಿ ಬಂಡೆಗೆ ಅಂಟಿ ಬೆಳೆಯುವ ಚಿಪ್ಪಿನ ಒಂದು ಚೂರು ಸಿಕ್ಕಿಕೊಂಡಿತ್ತು. ಆ ಚೂರನ್ನು ಕೈಯಲ್ಲಿ ಹಿಡಿದಾಗ, ಬರಬೇಕಿದ್ದ ಹಡಗಿನಲ್ಲಿ ಇರುವವರ ನೆನಪಾಯಿತು.

ಹಡಗನ್ನು ತಡೆದರು. ನಕ್ಷೆ ತಿದ್ದಿದರು. ನನ್ನ ಮೇಲೆ ವಿಚಾರಣೆ ನಡೆಯಿತು, ನಡೆಯಬೇಕಾದದ್ದೇ. ಮೇಘನಾಳ ಕೆಲಸ ಉಳಿಯಿತು.

ನಿವೃತ್ತಿಯ ವಾರ ಆಕೆ ಬೇರೊಂದು ಸರ್ವೆಯ ಅಂತಿಮ ಹಾಳೆ ತಂದಳು. ಪರಿಶೀಲಿಸಿದವರ ಸಹಿಯ ಜಾಗ ನನ್ನದು. ಇಷ್ಟೆಲ್ಲ ಆದ ಮೇಲೆ ಈ ಹುಡುಗಿಯ ಕೆಲಸದಲ್ಲಿ ನೋಡುವುದೇನು ಎಂದು ಪೆನ್ನು ತೆಗೆದೆ. ಆಕೆ ಹಾಳೆಯ ಮೇಲೆ ಕೈ ಇಟ್ಟಳು.

"ಸರ್, ನೋಡ್ದೆ ಸೈನ್ ಮಾಡ್ಬೇಡಿ."

ಪೆನ್ನು ಮುಚ್ಚಿ, ಆಕೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಆಕೆ ಅಳಿಸಿಹಾಕಿದ್ದ ಒಂದೊಂದು ಚುಕ್ಕಿಯನ್ನೂ ವಾಪಸು ತರಿಸಿ ನೋಡಿದೆ. ಒಂದು ಮೊನೆಯ ಹತ್ತಿರ ನಿಂತೆ. ಅಕ್ಕಪಕ್ಕದ ಗೆರೆಗಳನ್ನು ತೆಗೆಸಿದೆ, ಅವುಗಳಲ್ಲಿ ಏನೂ ಇರಲಿಲ್ಲ. ಅಡ್ಡ ಗೆರೆಯನ್ನೂ ತೆಗೆಸಿದೆ, ಅದರಲ್ಲೂ ಇಲ್ಲ.

"ಮೀನು ಸರ್" ಎಂದಳು.

"ಮೀನೇ ಅದ. ಇನ್ನೊಮ್ಮೆ ತೋರಿಸು" ಅಂದೆ.

ಇನ್ನೊಮ್ಮೆ ತೋರಿಸಿದಳು. ನೋಡಿದೆ. ಆಮೇಲೆ ಸಹಿ ಹಾಕಿದೆ.